ಬಹುರೂಪಿಯ ಸ್ವರೂಪಾನ್ವೇಷಣೆ

ಕಿಷ್ಕಿಂಧೆಯ ಅರಸನಾದ ಸುಗ್ರೀವನು ಹೊರಗಿನಿಂದ ಮರಳಿ ತನ್ನ ಅರಮನೆಯ ಬಾಗಿಲಿಗೆ ಬಂದಾಗ ದ್ವಾರಪಾಲಕರು ಅವನನ್ನು ತಡೆದು ನಿಲ್ಲಿಸಿದರು. ಸುಗ್ರೀವ ಮಹಾರಾಜರು ಆಗಲೇ ಒಳಗೆ ದಯಮಾಡಿಸಿದ್ದಾರೆ ಎಂಬುದು ಅವರ ಉತ್ತರವಾಗಿತ್ತು. ಒಳಗೆ ಹೋದವನ ಮುಖ, ಮೈಬಣ್ಣ, ದನಿ, ನಡಿಗೆ ಎಲ್ಲವೂ ಸುಗ್ರೀವನವೇ. ಹೊರಗೆ ನಿಂತವನವೂ ಅವೇ. ನಿಜವಾದ ಅರಸನು ಯಾರೆಂಬುದನ್ನು ನಿರ್ಣಯಿಸಲು ಮಂತ್ರಿಗಳಿಂದಲೂ ಆಗಲಿಲ್ಲ. ಸೈನ್ಯವು ಎರಡಾಗಿ ಒಡೆಯಿತು. ವಾಲಿಯ ಮಗನಾದ ಚಂದ್ರರಶ್ಮಿಯು ಅಂತಃಪುರದ ಬಾಗಿಲನ್ನು ಕಾಯುತ್ತ, ನಿಜವು ತಿಳಿಯುವವರೆಗೆ ಇಬ್ಬರಲ್ಲಿ ಯಾರನ್ನೂ ಒಳಗೆ ಬಿಡಲಿಲ್ಲ.

ವಾಲ್ಮೀಕಿ ರಾಮಾಯಣವನ್ನು ಮಾತ್ರ ಬಲ್ಲವರಿಗೆ ಈ ಪ್ರಸಂಗವು ಹೊಸದೆನಿಸಬಹುದು. ವಿಮಲಸೂರಿಯ ಪ್ರಾಕೃತ 'ಪಉಮಚರಿಯ', ರವಿಷೇಣಾಚಾರ್ಯರ ಸಂಸ್ಕೃತ 'ಪದ್ಮಪುರಾಣ'ಗಳಿಂದ ಹರಿದುಬಂದು, ಕ್ರಿ.ಶ. 1100ರ ಸುಮಾರಿನಲ್ಲಿ ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದ ಮೂಲಕ ಕನ್ನಡಕ್ಕೆ ಸಂದ ಜೈನ ರಾಮಕಥಾ ಪರಂಪರೆಯಲ್ಲಿ ವಾಲಿಯು ತಮ್ಮನಿಗೆ ರಾಜ್ಯವನ್ನು ಒಪ್ಪಿಸಿ ದೀಕ್ಷೆಯನ್ನು ಪಡೆದ ಮಹಾಮುನಿ. ಸುಗ್ರೀವನ ಮನೆಯನ್ನು ಮುರಿಯಲು ಬಂದವನು ಸಾಹಸಗತಿ ಎಂಬ ವಿದ್ಯಾಧರ. ತಾರೆಯನ್ನು ಅವಳ ವಿವಾಹಕ್ಕೆ ಮೊದಲೇ ಬಯಸಿದ್ದ ಇವನು, ಅವಳು ಸುಗ್ರೀವನ ಪತ್ನಿಯಾದ ಮೇಲೂ ಆ ಬಯಕೆಯನ್ನು ಬಿಡದೆ, ರೂಪವನ್ನು ಬದಲಿಸುವ ವಿದ್ಯೆಯನ್ನು ಸಾಧಿಸಿ, ಸುಗ್ರೀವನಿಲ್ಲದ ಹೊತ್ತನ್ನು ನೋಡಿ, ಸುಗ್ರೀವನಾಗಿ ಅರಮನೆಯನ್ನು ಹೊಕ್ಕನು. ಕಡೆಗೆ ರಾಮನು ಎದುರು ನಿಂತಾಗ ಆ ವಿದ್ಯೆಯೇ ಅವನನ್ನು ತೊರೆದು ಹೋಯಿತು. ನಿಜರೂಪದಲ್ಲಿ ಬಯಲಾದ ಸಾಹಸಗತಿಯು ರಾಮನ ಬಾಣಕ್ಕೆ ಬಲಿಯಾದನು.

ಕಥೆಯು ಇಲ್ಲಿಗೆ ಮುಗಿಯುತ್ತದೆ. ಅದು ಎತ್ತುವ ಪ್ರಶ್ನೆಯು ಮುಗಿಯುವುದಿಲ್ಲ. ಸಾಹಸಗತಿಯು ತಾರೆಯನ್ನು ಬಯಸಿದ್ದು ತನಗಾಗಿ. ಆದರೆ ಅವನ ಕಪಟವು ಪೂರ್ಣವಾಗಿ ಫಲಿಸಿದ್ದರೂ ತಾರೆಯು ಒಲಿಯುತ್ತಿದ್ದುದು ಸುಗ್ರೀವನಿಗೆ, ಪ್ರಜೆಗಳು ಕೈಮುಗಿಯುತ್ತಿದ್ದುದು ಸುಗ್ರೀವನಿಗೆ. ಸಾಹಸಗತಿ ಎಂಬುವನಿಗೆ ಅಲ್ಲಿ ಏನೂ ಸಲ್ಲುತ್ತಿರಲಿಲ್ಲ. ಒಡವೆಯನ್ನು ಕದ್ದವನು ಕದ್ದ ಮೇಲೂ ತಾನಾಗಿಯೇ ಉಳಿಯುತ್ತಾನೆ. ಪರರ ರೂಪವನ್ನು ಕದ್ದವನಾದರೋ ಕದ್ದ ಕ್ಷಣದಲ್ಲಿಯೇ ತನ್ನನ್ನು ಕಳೆದುಕೊಂಡಿರುತ್ತಾನೆ. ಹೀಗೆ ಕಳೆದುಹೋದ ತನ್ನತನವನ್ನು ಮರಳಿ ಪಡೆಯುವ ದಾರಿ ಯಾವುದು? ಇದು ವಿದ್ಯಾಧರರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಅಂಗಡಿಯಲ್ಲಿ ಒಂದು ಮುಖ, ಬಸದಿಯಲ್ಲಿ ಒಂದು ಮುಖ, ಮಡದಿಮಕ್ಕಳ ಮುಂದೆ ಮತ್ತೊಂದು ಮುಖವನ್ನು ಇಟ್ಟುಕೊಂಡು ಬಾಳುವ ಯಾವ ಗೃಹಸ್ಥನೂ ಇದರಿಂದ ತಪ್ಪಿಸಿಕೊಳ್ಳಲಾರನು.

ರೂಪದ ವಿಷಯದಲ್ಲಿ ಸಿದ್ಧಾಂತವು ಏನನ್ನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಜೀವಕ್ಕೆ ರೂಪವೆಂಬುದು ಸ್ವಭಾವದಿಂದ ಬಂದುದಲ್ಲ. ಗತಿ, ಜಾತಿ, ಶರೀರ, ಅಂಗೋಪಾಂಗ, ಸಂಸ್ಥಾನ, ವರ್ಣ ಮೊದಲಾದುವೆಲ್ಲ ನಾಮಕರ್ಮದ ಉದಯದಿಂದ ಆಗುವಂಥವು. ಎಂಟು ಮೂಲಕರ್ಮಗಳಲ್ಲಿ ಅತ್ಯಂತ ಹೆಚ್ಚು ಉತ್ತರಪ್ರಕೃತಿಗಳನ್ನು ಹೊಂದಿರುವುದು ಈ ನಾಮಕರ್ಮವೇ. ಅವುಗಳ ಸಂಖ್ಯೆ 93. ಚಿತ್ರಕಾರನು ಬಗೆಬಗೆಯ ಚಿತ್ರಗಳನ್ನು ಬರೆಯುವಂತೆ ಇದು ಜೀವಕ್ಕೆ ಬಗೆಬಗೆಯ ಆಕಾರಗಳನ್ನು ಕೊಡುತ್ತದೆಂದು ಆಚಾರ್ಯರು ಹೋಲಿಸಿದ್ದಾರೆ. ಐದು ಬಗೆಯ ಶರೀರಗಳಲ್ಲಿ ಇಷ್ಟಬಂದಂತೆ ರೂಪವನ್ನು ಬದಲಿಸಬಲ್ಲ ವೈಕ್ರಿಯಿಕ ಶರೀರವು ದೇವರಿಗೂ ನಾರಕಿಗಳಿಗೂ ಹುಟ್ಟಿನಿಂದಲೇ ದೊರೆಯುತ್ತದೆ. ಮನುಷ್ಯರಲ್ಲಿ ರೂಪಾಂತರದ ಶಕ್ತಿಯು ತಪಸ್ಸಿನ ಋದ್ಧಿಯಿಂದ ಬರಬಹುದು. ವಿದ್ಯಾಧರರಾದರೋ ವಿದ್ಯೆಯ ಬಲದಿಂದ ರೂಪವನ್ನು ಮಾರ್ಪಡಿಸಿಕೊಳ್ಳುತ್ತಾರೆ. ಹಾಗೆ ನೋಡಿದರೆ ನಾಲ್ಕು ಗತಿಗಳಲ್ಲಿ ಸುತ್ತುವ ಪ್ರತಿಯೊಂದು ಜೀವವೂ ಬಹುರೂಪಿಯೇ. ಒಂದು ಭವದಲ್ಲಿ ಆನೆ, ಇನ್ನೊಂದರಲ್ಲಿ ಇರುವೆ, ಮತ್ತೊಂದರಲ್ಲಿ ಅರಸು. ರೂಪವು ಬದಲಾಗುವುದೇ ಪಾಪವಾಗಿದ್ದರೆ ಪಾಪಿಯಲ್ಲದ ಸಂಸಾರಿಯೇ ಇರುತ್ತಿರಲಿಲ್ಲ.

ರೂಪಾಂತರವು ತಾನಾಗಿಯೇ ದೋಷವಲ್ಲ ಎಂಬುದಕ್ಕೆ ವಿಷ್ಣುಕುಮಾರ ಮುನಿಗಳ ಕಥೆಯು ಸಾಕ್ಷಿ. ಹಸ್ತಿನಾಪುರದಲ್ಲಿ ಬಲಿಯು ಏಳು ದಿನಗಳ ಮಟ್ಟಿಗೆ ರಾಜ್ಯಾಧಿಕಾರವನ್ನು ಪಡೆದು, ಅಕಂಪನಾಚಾರ್ಯರ ಸಂಘದ 700 ಮುನಿಗಳಿಗೆ ಘೋರವಾದ ಉಪಸರ್ಗವನ್ನು ಒಡ್ಡಿದಾಗ, ವಿಕ್ರಿಯಾ ಋದ್ಧಿಯನ್ನು ಪಡೆದಿದ್ದ ವಿಷ್ಣುಕುಮಾರರು ಮುನಿರೂಪವನ್ನು ಬಿಟ್ಟು, ಕುಳ್ಳನಾದ ಬ್ರಾಹ್ಮಣನ ರೂಪದಲ್ಲಿ ಬಂದು ಮೂರು ಹೆಜ್ಜೆ ನೆಲವನ್ನು ಬೇಡಿ, ಸಂಘವನ್ನು ಉಳಿಸಿದರು. ವಾತ್ಸಲ್ಯ ಅಂಗಕ್ಕೆ ಇವರನ್ನೇ ಉದಾಹರಣೆಯಾಗಿ ಕೊಡುವುದು ರೂಢಿ. ಆದರೆ ಕಥೆಯ ಕೊನೆಯ ಭಾಗವನ್ನು ಅನೇಕರು ಮರೆತುಬಿಡುತ್ತಾರೆ. ಕಾರ್ಯವು ಮುಗಿದ ಮೇಲೆ ವಿಷ್ಣುಕುಮಾರರು ತಾವು ಮಾಡಿದ್ದು ಲೋಕಹಿತವೆಂದು ಹೇಳಿಕೊಂಡು ಸುಮ್ಮನಿರಲಿಲ್ಲ. ಗುರುಗಳ ಸನ್ನಿಧಿಗೆ ಹೋಗಿ, ಪ್ರಾಯಶ್ಚಿತ್ತವನ್ನು ಪಡೆದು, ತಪಸ್ಸಿಗೆ ಮರಳಿದರು. ಕರುಣೆಯಿಂದ ಧರಿಸಿದ ವೇಷವಾದರೂ ಅದರ ಲೆಕ್ಕವನ್ನು ಒಪ್ಪಿಸಬೇಕಾಗಿತ್ತು, ಅವರು ಒಪ್ಪಿಸಿದರು.

ಹಾಗಾದರೆ ಸಾಹಸಗತಿಯಲ್ಲಿ ದೋಷವಾದದ್ದು ಯಾವುದು? ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮೂರನೆಯದು ಮಾಯೆ. ಇಲ್ಲಿ ಮಾಯೆ ಎಂದರೆ ಜಗತ್ತು ಸುಳ್ಳೆಂಬ ಅರ್ಥವಲ್ಲ. ಒಳಗೊಂದು ಹೊರಗೊಂದಾಗಿರುವ ವಕ್ರತೆ ಎಂದೇ ಅರ್ಥ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 'ಗೊಮ್ಮಟಸಾರ'ದಲ್ಲಿ ಈ ವಕ್ರತೆಯ ತರತಮವನ್ನು ನಾಲ್ಕು ಹೋಲಿಕೆಗಳಿಂದ ವಿವರಿಸುತ್ತಾರೆ. ಬಿದಿರಿನ ಬೇರಿನ ಡೊಂಕು, ಟಗರಿನ ಕೊಂಬಿನ ಡೊಂಕು, ನಡೆಯುವ ಹಸುವು ಹೊಯ್ದ ಗಂಜಲದ ಗೆರೆಯ ಡೊಂಕು, ಕಳೆ ಕೀಳುವ ಹತಾರದ ಡೊಂಕು: ಹೀಗೆ ಒಂದಕ್ಕಿಂತ ಒಂದು ಕಡಿಮೆ. ಬಿದಿರಿನ ಬೇರನ್ನು ನೆಟ್ಟಗೆ ಮಾಡುವುದು ಎಷ್ಟು ಕಷ್ಟವೋ ತೀವ್ರವಾದ ಮಾಯೆಯನ್ನು ಸರಿಪಡಿಸುವುದೂ ಅಷ್ಟೇ ಕಷ್ಟ. ಮಾಯೆಯು ತಿರ್ಯಗ್ಗತಿಗೆ ಕಾರಣವೆಂದು ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ವು ಸಾರುತ್ತದೆ. ದಶಲಕ್ಷಣ ಧರ್ಮಗಳಲ್ಲಿ ಇದಕ್ಕೆ ಎದುರಾಗಿ ನಿಲ್ಲುವುದು ಉತ್ತಮ ಆರ್ಜವ, ಅಂದರೆ ಮನಸ್ಸು, ಮಾತು, ಕಾಯಗಳು ಒಂದೇ ಗೆರೆಯಲ್ಲಿ ನಡೆಯುವುದು. ಸಾಹಸಗತಿಯ ದೋಷವು ಅವನ ಹೊಸ ಮುಖದಲ್ಲಿರಲಿಲ್ಲ. ಆ ಮುಖದ ಹಿಂದೆ ಅವಿತಿದ್ದ ಡೊಂಕಿನಲ್ಲಿತ್ತು.

ಸಾಹಸಗತಿಗೆ ತನ್ನ ಡೊಂಕು ಕಾಣಿಸಿತೋ ಇಲ್ಲವೋ ತಿಳಿಯದು. ಕಂಡೂ ತಿದ್ದಿಕೊಳ್ಳಲಾರದವನ ಚಿತ್ರವನ್ನು ಇದೇ ರಾಮಕಥೆಯು ರಾವಣನಲ್ಲಿ ಕೊಟ್ಟಿದೆ. ಯುದ್ಧದ ನಡುವೆ ರಾವಣನು ಲಂಕೆಯ ಶಾಂತಿನಾಥ ಜಿನಾಲಯದಲ್ಲಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ವಾನರಕುಮಾರರು ಒಡ್ಡಿದ ಅಡ್ಡಿಗಳಿಗೆ ಅವನು ಕದಲುವುದಿಲ್ಲ. ಆ ಏಕಾಗ್ರತೆಯನ್ನು ಕಂಡರೆ ಅದು ಮೋಕ್ಷಕ್ಕಾಗಿ ಬಳಕೆಯಾಗಬಾರದಾಗಿತ್ತೇ ಎಂದು ಯಾರಿಗಾದರೂ ಅನಿಸುತ್ತದೆ. ಬೇಕಾದಷ್ಟು ರೂಪಗಳನ್ನು ತಾಳುವ ಶಕ್ತಿಯನ್ನು ಗೆದ್ದು ಸೀತೆಯ ಬಳಿಗೆ ಹೋದವನಿಗೆ, ರಾಮನ ಅಳಿವಿನ ಮಾತನ್ನು ಕೇಳಿದೊಡನೆ ಮೂರ್ಛೆಹೋದ ಆಕೆಯನ್ನು ನೋಡಿ ಮನಸ್ಸು ತಿರುಗುತ್ತದೆ. ತಾನು ಮಾಡಿದ್ದು ತಪ್ಪೆಂದು ಅವನು ನಿಜವಾಗಿ ಕಂಡುಕೊಳ್ಳುತ್ತಾನೆ. ನಾಗಚಂದ್ರನು ಚಿತ್ರಿಸಿದ ಈ ಪಶ್ಚಾತ್ತಾಪವು ಕನ್ನಡ ವಿಮರ್ಶಕರ ಗಮನವನ್ನು ಮತ್ತೆಮತ್ತೆ ಸೆಳೆದಿದೆ.

ಆದರೆ ಆ ತಿಳಿವು ಮಾತಾಗಿ ಹೊರಬರುವುದಿಲ್ಲ. ಈಗಲೇ ಸೀತೆಯನ್ನು ಒಪ್ಪಿಸಿದರೆ ಲೋಕವು ತನ್ನನ್ನು ಹೇಡಿಯೆಂದೀತು; ಮೊದಲು ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು, ಅನಂತರ ಸೀತೆಯನ್ನು ಗೌರವದಿಂದ ಒಪ್ಪಿಸುವೆನು ಎಂದು ಅವನು ನಿಶ್ಚಯಿಸುತ್ತಾನೆ. ಇಲ್ಲಿ ಮಾಯೆಯ ಬೆನ್ನಿಗೆ ಮಾನಕಷಾಯವು ಬಂದು ನಿಂತಿದೆ. ಎಣಿಕೆಯಿಲ್ಲದಷ್ಟು ರೂಪಗಳನ್ನು ತಾಳಬಲ್ಲವನಾದ ರಾವಣನಿಗೆ ಒಂದೇ ಒಂದು ರೂಪವನ್ನು ತಾಳಲು ಆಗಲಿಲ್ಲ. ಅದು ತಪ್ಪನ್ನು ಒಪ್ಪಿಕೊಂಡವನ ರೂಪ. ಪುರಾಣವು ಅವನನ್ನು ನರಕಕ್ಕೆ ಕಳುಹಿಸುತ್ತದೆ. ನರಕದಲ್ಲಿ ದೊರೆಯುವ ಶರೀರವೂ ವೈಕ್ರಿಯಿಕವೇ ಎಂಬುದು ಇಲ್ಲಿ ಚಿಂತನೀಯ. ನಾರಕಿಗಳು ತಮ್ಮ ಶರೀರವನ್ನೇ ಆಯುಧಗಳಾಗಿ ಮಾರ್ಪಡಿಸಿಕೊಂಡು ಪರಸ್ಪರ ಇರಿದಾಡುತ್ತಾರೆ. ರೂಪಗಳನ್ನು ಗೆಲ್ಲಲೆಂದು ಕಷ್ಟಪಟ್ಟು ಸಾಧನೆ ಮಾಡಿದವನಿಗೆ ರೂಪ ಬದಲಾಗುವುದೇ ವೇದನೆಯಾದ ಭವವು ಒದಗಿತು. ಆದರೂ ಪರಂಪರೆಯು ಅವನನ್ನು ಶಾಶ್ವತ ಖಳನೆಂದು ಬಿಟ್ಟುಕೊಟ್ಟಿಲ್ಲ. ದೇವಗತಿಯನ್ನು ಪಡೆದಿದ್ದ ಸೀತೆಯ ಜೀವವೇ ನರಕಕ್ಕೆ ಇಳಿದು ಅವನಿಗೆ ಧರ್ಮವನ್ನು ಹೇಳಿತೆಂದೂ, ಮುಂದೆ ಅವನು ತೀರ್ಥಂಕರನಾಗುವನೆಂದೂ ಪುರಾಣಗಳು ಹೇಳುತ್ತವೆ. ಭವ್ಯಜೀವದ ತನ್ನತನವು ಮರೆಯಾಗಬಹುದೇ ಹೊರತು ನಾಶವಾಗದು.

ರಾವಣನಿಂದ ಆಗದೆಹೋದದ್ದನ್ನು ಮಾಡಿದವನು ಒಬ್ಬ ಕಳ್ಳ. 'ಭಗವತೀ ಆರಾಧನೆ'ಯಲ್ಲಿ ಹೆಸರಿಸಲ್ಪಟ್ಟು, ಹರಿಷೇಣನ 'ಬೃಹತ್ಕಥಾಕೋಶ'ದಲ್ಲಿಯೂ ಕನ್ನಡದ ಹಳೆಯ ಗದ್ಯಕೃತಿಯಾದ 'ವಡ್ಡಾರಾಧನೆ'ಯ 19 ಕಥೆಗಳಲ್ಲಿಯೂ ಸ್ಥಾನವನ್ನು ಪಡೆದ ವಿದ್ಯುಚ್ಚೋರನೇ ಅವನು. ಇವನು ಮಿಥಿಲೆಯಲ್ಲಿ ಹಗಲೆಲ್ಲ ಕುಷ್ಠರೋಗಿಯ ರೂಪವನ್ನು ತಾಳಿ ಪಾಳುಗುಡಿಯಲ್ಲಿ ಬಿದ್ದಿರುತ್ತಿದ್ದನು. ಇರುಳಾದೊಡನೆ ಸುಂದರಪುರುಷನ ರೂಪದಲ್ಲಿ ಊರನ್ನು ದೋಚುತ್ತಿದ್ದನು. ಒಮ್ಮೆ ಅರಸನ ಹಾರವೇ ಕಳುವಾಯಿತು. ಏಳು ದಿನಗಳೊಳಗೆ ಕಳ್ಳನನ್ನು ಹಿಡಿದು ತರದಿದ್ದರೆ ಕಳ್ಳನಿಗೆ ಸಲ್ಲಬೇಕಾದ ಶಿಕ್ಷೆಯು ನಿನಗೇ ಸಲ್ಲುವುದೆಂದು ಅರಸನು ತಳಾರನಾದ ಯಮದಂಡನಿಗೆ ಆಜ್ಞಾಪಿಸಿದನು. ಊರೆಲ್ಲ ಹುಡುಕಿದ ಯಮದಂಡನು ಕಡೆಗೆ ಆ ಕುಷ್ಠರೋಗಿಯನ್ನು ಹಿಡಿದು ತಂದು, ಇವನೇ ಕಳ್ಳನೆಂದನು. ರೋಗಿಯು ತಾನಲ್ಲವೆಂದನು. 32 ಬಗೆಯ ದಂಡನೆಗಳಿಗೆ ಗುರಿಪಡಿಸಿದರೂ ಅವನ ಬಾಯಿಂದ ನಿಜವು ಹೊರಡಲಿಲ್ಲ.

ಮರುದಿನ ಅರಸನು ಅಭಯವನ್ನು ಕೊಟ್ಟು ಕೇಳಿದಾಗ ಅವನು ಹೇಳಿದನು: ತಳಾರನ ಮಾತು ನಿಜ, ಕಳ್ಳನು ನಾನೇ. ಇಷ್ಟು ನೋವನ್ನು ಹೇಗೆ ತಾಳಿಕೊಂಡೆ ಎಂದು ಅರಸನು ವಿಸ್ಮಯಗೊಂಡನು. ಮುನಿಗಳಿಂದ ನರಕದ ದುಃಖಗಳನ್ನು ಕೇಳಿದ್ದೇನೆ, ಅವುಗಳ ಮುಂದೆ ಇದು ಎಷ್ಟರದು ಎಂಬುದು ಉತ್ತರವಾಗಿತ್ತು. ಆಮೇಲೆ ಅವನ ಪೂರ್ವವೃತ್ತಾಂತವು ಹೊರಬಿತ್ತು. ಅವನು ವೇಣಾತಟದ ರಾಜಕುಮಾರ. ಯಮದಂಡನು ಆ ಊರಿನ ತಳಾರನ ಮಗ, ಅವನ ಬಾಲ್ಯದ ಗೆಳೆಯ, ಸಹಪಾಠಿ. ಒಬ್ಬನು ಕಳವಿನ ಶಾಸ್ತ್ರವನ್ನು ಕಲಿತನು, ಇನ್ನೊಬ್ಬನು ಕಳ್ಳರನ್ನು ಹಿಡಿಯುವ ವಿದ್ಯೆಯನ್ನು ಕಲಿತನು. ನೀನು ಕಾಯುವ ಊರಿನಲ್ಲಿಯೇ ಕದಿಯುವೆನೆಂದು ಒಬ್ಬನೂ, ಕದ್ದರೆ ಹಿಡಿಯುವೆನೆಂದು ಇನ್ನೊಬ್ಬನೂ ಆಟದಲ್ಲಿ ಮಾಡಿದ ಪಂತವು ಅವರನ್ನು ಮಿಥಿಲೆಯವರೆಗೆ ಎಳೆದುತಂದಿತ್ತು. ವಿದ್ಯುಚ್ಚೋರನು ಕದ್ದ ವಸ್ತುಗಳನ್ನೆಲ್ಲ ಮರಳಿಸಿ, ಗೆಳೆಯನೊಡನೆ ತನ್ನೂರಿಗೆ ಹೋಗಿ, ಮಗನಿಗೆ ರಾಜ್ಯವನ್ನು ಒಪ್ಪಿಸಿ ದೀಕ್ಷೆಯನ್ನು ಪಡೆದನು. ಮುಂದೆ ತಾಮ್ರಲಿಪ್ತಿಯಲ್ಲಿ ಪ್ರತಿಮಾಯೋಗದಲ್ಲಿ ನಿಂತಿದ್ದಾಗ ಕ್ರೂರದೇವತೆಯೊಬ್ಬಳು ಒಡ್ಡಿದ ಸೊಳ್ಳೆ, ಕೀಟಗಳ ಘೋರ ಉಪಸರ್ಗವನ್ನು ಸಮಭಾವದಿಂದ ಸಹಿಸಿ ಉತ್ತಮಾರ್ಥವನ್ನು ಸಾಧಿಸಿದನು.

ಈ ಕಥೆಯಲ್ಲಿ ಎರಡು ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯದು, ವಿದ್ಯುಚ್ಚೋರನು ಎರಡು ಸಲ ದೇಹದ ನೋವನ್ನು ಸಹಿಸಿದನು. ಮಿಥಿಲೆಯಲ್ಲಿ ಸಹಿಸಿದ್ದು ತನ್ನನ್ನು ಮರೆಸಿಕೊಳ್ಳುವುದಕ್ಕಾಗಿ. ತಾಮ್ರಲಿಪ್ತಿಯಲ್ಲಿ ಸಹಿಸುವಾಗ ಅವನಲ್ಲಿ ಮರೆಸುವಂಥದು ಏನೂ ಉಳಿದಿರಲಿಲ್ಲ. ಸಹನಶಕ್ತಿಯು ಎರಡು ಕಡೆಯೂ ಒಂದೇ. ಸುಳ್ಳನ್ನು ಕಾಪಾಡಲು ಮನುಷ್ಯನು ಎಷ್ಟು ಕಷ್ಟಪಡುತ್ತಾನೋ ಅಷ್ಟು ಕಷ್ಟವು ತಪಸ್ಸಿಗೂ ಸಾಕಾಗುತ್ತದೆ. ಎರಡನೆಯದು, ಕುಷ್ಠರೋಗಿ, ಇರುಳಿನ ಸುಂದರಪುರುಷ, ರಾಜಕುಮಾರ ಎಂಬ ಮೂರು ರೂಪಗಳಲ್ಲಿ ಅವನ ನಿಜರೂಪವು ಯಾವುದು ಎಂಬ ಪ್ರಶ್ನೆ. ಲೌಕಿಕ ಕಥೆಯಾಗಿದ್ದರೆ ರಾಜಕುಮಾರನೆಂಬ ಗುರುತು ಸಿಕ್ಕಿದಲ್ಲಿಗೆ ಶೋಧನೆಯು ಮುಗಿಯುತ್ತಿತ್ತು. ಕಳೆದುಹೋದ ಮಗ ಅರಮನೆಗೆ ಮರಳಿದನೆಂದು ಊರು ಸಂತೋಷಪಡುತ್ತಿತ್ತು. ಜೈನ ಕಥೆಯು ಅಲ್ಲಿ ನಿಲ್ಲುವುದಿಲ್ಲ. ಅರಸುತನವೂ ಕರ್ಮವು ತೊಡಿಸಿದ ಮತ್ತೊಂದು ವೇಷವೆಂದು ತಿಳಿದು ಅವನು ಅದನ್ನೂ ಕಳಚಿಟ್ಟನು.

ಆದುದರಿಂದ ತನ್ನತನದ ಶೋಧನೆಯು ಎರಡು ಮಾತುಗಳಲ್ಲಿ ನೆರವೇರುತ್ತದೆ ಎನ್ನಬಹುದು. ಮಾಡಿದವನು ನಾನೇ ಎಂಬುದು ಮೊದಲನೆಯ ಮಾತು. ನಾನು ಇದಿಷ್ಟೇ ಅಲ್ಲ ಎಂಬುದು ಎರಡನೆಯ ಮಾತು. ಮೊದಲನೆಯದು ಕರ್ತೃತ್ವವನ್ನು ಒಪ್ಪಿಕೊಳ್ಳುತ್ತದೆ. ಎರಡನೆಯದು ಆತ್ಮಸ್ವರೂಪವನ್ನು ಅರಸುತ್ತದೆ. ವಿದ್ಯುಚ್ಚೋರನು ಎರಡನ್ನೂ ಈ ಕ್ರಮದಲ್ಲಿಯೇ ನುಡಿದನು. ಸಾಹಸಗತಿಗೆ ಎರಡನ್ನೂ ನುಡಿಯುವ ಅವಕಾಶವು ಸಿಗಲಿಲ್ಲ. ಅವನ ವೇಷವು ತಾನಾಗಿ ಕಳಚಿದ್ದಲ್ಲ, ಬಿದ್ದುಹೋದದ್ದು. ರಾವಣನು ಮೊದಲನೆಯದನ್ನು ಮನಸ್ಸಿನಲ್ಲಿಯೇ ನುಡಿದು ಗಂಟಲಲ್ಲಿ ತಡೆದುಕೊಂಡನು.

ಎಲ್ಲ ತೊಡಕೂ ಇರುವುದು ಈ ಕ್ರಮದಲ್ಲಿಯೇ. ಮೊದಲನೆಯ ಮಾತನ್ನು ಬಿಟ್ಟು ಎರಡನೆಯದನ್ನು ಹಿಡಿಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆತ್ಮವು ಶುದ್ಧ, ಬುದ್ಧ. ಮಾಡಿದ್ದೆಲ್ಲ ಪುದ್ಗಲದ ಆಟ. ಪರ್ಯಾಯವು ಬಂತು, ಹೋಯಿತು ಎನ್ನುವುದು ಕೇಳಲು ಅಧ್ಯಾತ್ಮದಂತೆಯೇ ಇರುತ್ತದೆ. ಸಾಲವನ್ನು ತಂದವನು ತೀರಿಸುವ ದಿನದಲ್ಲಿ ಈ ಮಾತನ್ನಾಡಿದರೆ ಅದು ಅಧ್ಯಾತ್ಮವಾಗದು, ಎಲ್ಲಕ್ಕಿಂತ ನಯವಾದ ವೇಷವಾಗುತ್ತದೆ. ನಿಶ್ಚಯನಯವು ಆತ್ಮನ ಶುದ್ಧ ಸ್ವರೂಪವನ್ನು ತೋರಿಸುತ್ತದೆ, ದಿಟ. ವ್ಯವಹಾರನಯವು ಅದೇ ಜೀವವನ್ನು ಕರ್ಮದ ಕರ್ತೃವೆಂದೂ ಭೋಕ್ತೃವೆಂದೂ ಹೇಳುತ್ತದೆ. ಬಳೆಯನ್ನು ಕರಗಿಸಿ ಸರವನ್ನು ಮಾಡಿದರೂ ಚಿನ್ನವು ಅದೇ ಚಿನ್ನ. ನಿನ್ನೆ ಒಂದು ವೇಷದಲ್ಲಿ ಮಾಡಿದ್ದನ್ನು ಇಂದು ಇನ್ನೊಂದು ವೇಷದಲ್ಲಿ ಉಣ್ಣುವ ಜೀವವೂ ಅದೇ ಜೀವ. ದ್ರವ್ಯವು ನಿತ್ಯವೆಂಬ ತತ್ತ್ವದಿಂದ ಸಾಂತ್ವನವನ್ನು ಪಡೆಯುವವನು ಅದೇ ತತ್ತ್ವದಿಂದ ಹೊಣೆಯನ್ನೂ ಹೊರಬೇಕಾಗುತ್ತದೆ.

ಕುಂದಕುಂದಾಚಾರ್ಯರು 'ಸಮಯಸಾರ'ದಲ್ಲಿ ಪ್ರತಿಕ್ರಮಣವನ್ನೂ ವಿಷಕುಂಭವೆಂದು ಕರೆದಿರುವುದನ್ನು ಕೆಲವರು ತಮ್ಮ ಪರವಾಗಿ ಎತ್ತಿಹೇಳುವುದುಂಟು. ಶುದ್ಧಾತ್ಮನಲ್ಲಿ ನೆಲೆನಿಂತವನ ಎತ್ತರದಿಂದ ನೋಡಿದಾಗ ಆ ಮಾತು ಸತ್ಯ. ಅಮೃತಚಂದ್ರಾಚಾರ್ಯರು ತಮ್ಮ ವ್ಯಾಖ್ಯಾನದಲ್ಲಿ ಈ ಅಪಾರ್ಥಕ್ಕೆ ಎಡೆಯಿಲ್ಲದಂತೆ ಮಾಡಿದ್ದಾರೆ. ಪ್ರತಿಕ್ರಮಣವೇ ವಿಷವೆಂದ ಮೇಲೆ ಪ್ರತಿಕ್ರಮಣವನ್ನೇ ಮಾಡದಿರುವ ಪ್ರಮಾದವು ಅಮೃತವಾದೀತು ಹೇಗೆ ಎಂಬುದು ಅವರ ಪ್ರಶ್ನೆ. ಆ ಉಪದೇಶವು ಮೆಟ್ಟಿಲನ್ನು ಹತ್ತಿ ಮೇಲೆ ಹೋದವನಿಗೆ ಹೇಳಿದ್ದು. ಮೆಟ್ಟಿಲಿನ ಬುಡದಲ್ಲಿ ಮಲಗಿದವನಿಗೆ ಹೇಳಿದ್ದಲ್ಲ.

ಒಪ್ಪಿಗೆಯೂ ಒಂದು ವೇಷವಾಗಬಹುದೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ವಿದ್ಯುಚ್ಚೋರನನ್ನು ಸ್ಮರಿಸುವ ಅದೇ 'ಭಗವತೀ ಆರಾಧನೆ'ಯು ಗುರುವಿನ ಮುಂದೆ ಮಾಡುವ ಆಲೋಚನೆಗೆ 10 ದೋಷಗಳನ್ನು ಪಟ್ಟಿಮಾಡುತ್ತದೆ. ಗುರುವಿನ ಕನಿಕರವನ್ನು ಮೊದಲು ಗಳಿಸಿಕೊಂಡು ಆಮೇಲೆ ಹೇಳುವುದು ಒಂದು ದೋಷ. ಇತರರು ಕಂಡ ತಪ್ಪನ್ನು ಮಾತ್ರ ಹೇಳಿ ಕಾಣದುದನ್ನು ನುಂಗಿಕೊಳ್ಳುವುದು ಇನ್ನೊಂದು. ಸಣ್ಣದನ್ನು ಹೇಳಿ ದೊಡ್ಡದನ್ನು ಮರೆಸುವುದು, ಇಂಥ ತಪ್ಪಿಗೆ ಪ್ರಾಯಶ್ಚಿತ್ತವೇನು ಎಂದು ಬೇರೆಯವರ ವಿಷಯವೆಂಬಂತೆ ಕೇಳುವುದು, ಗದ್ದಲದ ನಡುವೆ ಗುರುವಿಗೆ ಕೇಳಿಸದಂತೆ ಹೇಳಿ ಮುಗಿಸುವುದು, ಇವೂ ದೋಷಗಳೇ. ಎಷ್ಟೋ ಶತಮಾನಗಳ ಹಿಂದಿನ ಈ ಪಟ್ಟಿಯನ್ನು ಓದಿದವನು ಕ್ಷಮಾವಣಿಯ ದಿನ ತನ್ನನ್ನು ನೆನೆಯದಿರಲಾರನು. ಆ ದಿನ ಊರವರೆಲ್ಲರ ಮುಂದೆ ಕೈಜೋಡಿಸಿ ಕ್ಷಮೆಯನ್ನು ಬೇಡುವವನು, ತಾನು ನಿಜವಾಗಿ ನೋಯಿಸಿದ ಒಬ್ಬ ಅಣ್ಣನ ಅಥವಾ ಅತ್ತಿಗೆಯ ಮನೆಯ ಬಾಗಿಲನ್ನು ಮಾತ್ರ ದಾಟಿ ಮುಂದಕ್ಕೆ ಹೋಗುವುದುಂಟು. ಹೆಸರಿಲ್ಲದ ತಪ್ಪಿಗೆ ಎಲ್ಲರಲ್ಲಿ ಕ್ಷಮೆ ಕೇಳುವುದು ಸುಲಭ. ಹೆಸರಿರುವ ತಪ್ಪಿಗೆ ಒಬ್ಬರಲ್ಲಿ ಕೇಳುವುದು ಕಠಿಣ.

ಇನ್ನೊಂದು ಕಡೆಯಿಂದಲೂ ಈ ಪ್ರಶ್ನೆಯನ್ನು ನೋಡಬೇಕಾಗಿದೆ. 32 ದಂಡನೆಗಳಿಂದ ಹೊರಡದ ನಿಜವು ಅರಸನ ಒಂದು ಅಭಯದಿಂದ ಹೊರಟಿತು. ತಪ್ಪಿತಸ್ಥನು ತನ್ನ ಮುಖವನ್ನು ತೋರಿಸಬೇಕಾದರೆ ತೋರಿಸಲು ಒಂದು ಸ್ಥಳವು ಇರಬೇಕು. ಸಮಾಜವು ಆ ಸ್ಥಳವನ್ನು ಉಳಿಸಿಕೊಂಡಿದೆಯೇ? ಬಸದಿಯ ಹಣವನ್ನು ನೋಡಿಕೊಳ್ಳುವವನೊಬ್ಬನು ಕಷ್ಟಕಾಲದಲ್ಲಿ ಅದರಿಂದ ಸ್ವಲ್ಪವನ್ನು ತನ್ನ ವ್ಯಾಪಾರಕ್ಕೆ ತಿರುಗಿಸಿದನೆಂದು ಇಟ್ಟುಕೊಳ್ಳೋಣ. ಲೆಕ್ಕಪುಸ್ತಕದಲ್ಲಿ ಅವನು ಪ್ರಾಮಾಣಿಕ; ಅಭಿಷೇಕದ ದಿನ ಮುಂದಿನ ಸಾಲಿನಲ್ಲಿ ನಿಲ್ಲುವವನು; ಇರುಳು ನಿದ್ದೆ ಬಾರದವನು. ಮೂರು ಮುಖಗಳ ನಡುವೆ ಅವನು ಹಗಲು ರೋಗಿಯಾಗಿಯೂ ಇರುಳು ಕಳ್ಳನಾಗಿಯೂ ಬಾಳುತ್ತಾನೆ. ಸಂಗತಿಯು ಹೊರಬಿದ್ದಾಗ ಟ್ರಸ್ಟಿನವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ತೆರೆಯುತ್ತವೆ: ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯುವುದು, ಇಲ್ಲವೇ ಉಪಗೂಹನವೆಂಬ ಹೆಸರಿನಲ್ಲಿ ಮುಚ್ಚಿಹಾಕುವುದು.

ಉಪಗೂಹನ ಅಂಗಕ್ಕೆ ಉದಾಹರಣೆಯಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಇಲ್ಲಿ ಪೂರ್ಣವಾಗಿ ನೆನೆಯುವುದು ಅಗತ್ಯ. ವಿದ್ಯುಚ್ಚೋರ ಮುನಿಗಳು ನಿಂತ ಅದೇ ತಾಮ್ರಲಿಪ್ತಿಯಲ್ಲಿ ಈ ಶ್ರೇಷ್ಠಿಯು ಇದ್ದನು. ಅವನ ಮನೆಯ ಜಿನಾಲಯದಲ್ಲಿ ಪಾರ್ಶ್ವನಾಥ ಸ್ವಾಮಿಯ ಛತ್ರದಲ್ಲಿದ್ದ ವೈಡೂರ್ಯವನ್ನು ಕದಿಯಲು ಸೂರ್ಯನೆಂಬ ಕಳ್ಳನು ಕ್ಷುಲ್ಲಕನ ವೇಷವನ್ನು ಧರಿಸಿ ಬಂದು, ಶ್ರೇಷ್ಠಿಯ ವಿಶ್ವಾಸವನ್ನು ಗಳಿಸಿ, ರತ್ನದೊಡನೆ ಓಡಿದನು. ಕಾವಲುಗಾರರು ಬೆನ್ನಟ್ಟಿದಾಗ ಅವನು ಬಂದು ಶ್ರೇಷ್ಠಿಯನ್ನೇ ಮೊರೆಹೊಕ್ಕನು. ಧರ್ಮವೇಷಕ್ಕೆ ಜನರಲ್ಲಿ ಅಪವಾದವು ಬಾರದಿರಲೆಂದು ಶ್ರೇಷ್ಠಿಯು, ರತ್ನವನ್ನು ತರಲು ಹೇಳಿದವನು ತಾನೇ ಎಂದು ಹೇಳಿ ಕಾವಲುಗಾರರನ್ನು ಕಳುಹಿಸಿದನು. ಆಮೇಲೆ ಏಕಾಂತದಲ್ಲಿ ಆ ಕಳ್ಳನನ್ನು ಗದರಿಸಿ, ಅಲ್ಲಿಂದ ಹೊರಡಿಸಿದನು. ಹೊರಗೆ ಮರೆಸಿದವನು ಒಳಗೆ ಮರೆಸಲಿಲ್ಲ. ರತ್ನವೂ ಛತ್ರಕ್ಕೆ ಮರಳಿತು, ಕಳ್ಳನಿಗೆ ಆ ಮನೆಯಲ್ಲಿ ವೇಷವನ್ನು ಮುಂದುವರಿಸುವ ಅವಕಾಶವೂ ಉಳಿಯಲಿಲ್ಲ. ಇಂದು ಉಪಗೂಹನದ ಹೆಸರಿನಲ್ಲಿ ನಡೆಯುವ ಮುಚ್ಚಿಡುವಿಕೆಯಲ್ಲಿ ಈ ಎರಡನೆಯ ಭಾಗವು ಬಿಟ್ಟುಹೋಗುತ್ತದೆ. ಹಣವು ಮರಳುವುದಿಲ್ಲ, ಎದುರಿಗೆ ಕೂರಿಸಿ ಯಾರೂ ಮಾತನಾಡುವುದಿಲ್ಲ, ಮುಂದಿನ ವರ್ಷವೂ ಅದೇ ಕೈಯಲ್ಲಿ ಅದೇ ಬೀಗದ ಕೈ. ಇದರಿಂದ ಬಸದಿಗಿಂತ ಹೆಚ್ಚಾಗಿ ನಷ್ಟವಾಗುವುದು ಆ ಮನುಷ್ಯನಿಗೆ. ಅವನ ವೇಷಕ್ಕೆ ಸಮಾಜವೇ ಹೊಲಿಗೆ ಹಾಕಿಕೊಟ್ಟಂತಾಯಿತು.

ಅಪಮಾನದ ದಾರಿಯೂ ಫಲಿಸದು. ಬೀದಿಯಲ್ಲಿ ವೇಷವನ್ನು ಹರಿದರೆ ಸಾಹಸಗತಿಗೆ ಆದಂತೆ ಮುಖವು ಬಯಲಾಗುತ್ತದೆಯೇ ಹೊರತು ಮನುಷ್ಯನು ಉಳಿಯುವುದಿಲ್ಲ. ಉಪಗೂಹನದ ಪಕ್ಕದಲ್ಲಿಯೇ ಆಚಾರ್ಯರು ಸ್ಥಿತಿಕರಣವೆಂಬ ಅಂಗವನ್ನು ಇರಿಸಿದ್ದಾರೆ. ಜಾರಿದವನನ್ನು ಮತ್ತೆ ನಿಲ್ಲಿಸುವುದು ಅದರ ಅರ್ಥ. ನಾಲ್ವರು ಹಿರಿಯರು ಬಾಗಿಲನ್ನು ಹಾಕಿಕೊಂಡು ಕುಳಿತು, ಮೊದಲು ಅಭಯವನ್ನು ಕೊಟ್ಟು, ಆಮೇಲೆ ಕೇಳಿ, ಒಪ್ಪಿಕೊಂಡದ್ದನ್ನು ಬರೆದುಕೊಂಡು, ಮರಳಿಸುವ ಗಡುವನ್ನು ಗೊತ್ತುಮಾಡಿ, ಅಷ್ಟುದಿನ ಹೊಣೆಯಿಂದ ದೂರವಿರಿಸಿ, ದರ್ಶನಕ್ಕೆ ಮಾತ್ರ ಎಂದಿನಂತೆ ಬರಲು ಹೇಳಿದರೆ, ಅದು ಮಿಥಿಲೆಯ ಅರಸನು ಮಾಡಿದ ಕೆಲಸವೇ ಆಗುತ್ತದೆ. ಮನೆಗಳಲ್ಲಿಯೂ ಹಾಗೆಯೇ. ತಪ್ಪನ್ನು ಹೇಳಿಕೊಂಡ ಮಗನಿಗೆ ಸುಳ್ಳು ಹೇಳಿದ ಮಗನಿಗಿಂತ ಹೆಚ್ಚು ಪೆಟ್ಟು ಬೀಳುವ ಮನೆಯಲ್ಲಿ ಬಹುರೂಪಿಣೀ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ವಿದ್ಯುಚ್ಚೋರನು ಅರಸನ ಅಭಯವನ್ನು ಪಡೆದು ನಾನೇ ಎಂದಾಗ ಆ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಗುರಾದವನು ಯಮದಂಡನಾಗಿರಬೇಕು. ಏಳು ದಿನಗಳ ಭಯವು ಒಂದು ಮಾತಿನಿಂದ ಅವನ ಕೊರಳಿನಿಂದ ಇಳಿಯಿತು. ಜೊತೆಗೆ ಕಳೆದುಹೋಗಿದ್ದ ಗೆಳೆಯನೂ ಸಿಕ್ಕಿದನು. ಒಬ್ಬನು ವೇಷವನ್ನು ತೊಟ್ಟರೆ ಅದರ ಭಾರವನ್ನು ಹೊರುವವನು ಬಹಳ ಸಲ ಇನ್ನೊಬ್ಬನಾಗಿರುತ್ತಾನೆ. ತನ್ನತನವನ್ನು ಹುಡುಕಿ ಹೊರಟವನು ದೂರ ಹೋಗಬೇಕಾಗಿಲ್ಲ. ತನ್ನ ಸುಳ್ಳಿನ ಶಿಕ್ಷೆಯನ್ನು ಈಗ ಯಾರು ಅನುಭವಿಸುತ್ತಿದ್ದಾರೆಂದು ನೋಡಿ, ಅವರ ಮುಂದೆ ನಿಂತು, ಮಾಡಿದವನು ನಾನೇ ಎಂದು ಹೇಳಿದರೆ ಅಲ್ಲಿಂದ ಮುಂದಿನ ದಾರಿಯು ತೆರೆದುಕೊಳ್ಳುತ್ತದೆ.